ಏಳು ಗಾಡಿಗಳ ಚಾಲಕ

ಮೋಟಾರು ವಿಮೆಯ ಅರ್ಜಿಯ ಎರಡನೇ ಪುಟದಲ್ಲಿ ಚಾಲಕನ ಬಗ್ಗೆ ಒಂದು ಭಾಗವಿದೆ. ಗಾಡಿಯನ್ನು ಯಾರು ಓಡಿಸುತ್ತಾರೆ, ಮಾಲೀಕರೋ, ಮನೆಯವರೋ, ಸಂಬಳದ ಚಾಲಕರೋ; ಅವರ ಲೈಸೆನ್ಸ್ ನಂಬರು ಏನು; ಆ ಚಾಲಕರು ಎಂದಾದರೂ ಅಪಘಾತ ಮಾಡಿದ್ದಾರೆಯೇ, ಅವರ ಮೇಲೆ ಮೊಕದ್ದಮೆ ನಡೆದಿದೆಯೇ, ಲೈಸೆನ್ಸ್ ಅಮಾನತಾಗಿದೆಯೇ. ಎಷ್ಟೋ ಏಜೆಂಟರು ಇದನ್ನು ಓದುವುದೇ ಇಲ್ಲ, ಅಡ್ಡಗೀಟು ಎಳೆದು ಮುಂದೆ ಹೋಗುತ್ತಾರೆ. ನಾನು ಓದುತ್ತಿದ್ದೆ. ಓದಿ, ಸುಳ್ಳು ಬರೆಯುತ್ತಿದ್ದೆ.

ಗೋವಾದ ಝುವಾರಿನಗರದಲ್ಲಿ ಬಸ್ ನಿಲ್ಲುವ ಜಾಗದ ಹತ್ತಿರ, ಒಂದು ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ನನ್ನ ಟೇಬಲ್ ಇತ್ತು. ಅರ್ಜಿ ತುಂಬಿಕೊಡುವವನಾದ್ದರಿಂದ ಉತ್ತರ ಕರ್ನಾಟಕದಿಂದ ಬಂದ ನಮ್ಮ ಕಡೆಯ ಜನ ನನ್ನನ್ನು ಮಾಸ್ತರ ಎನ್ನುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಯಾವ ಶಾಲೆಯಲ್ಲೂ ಒಂದು ದಿನ ಕಲಿಸಿದವನಲ್ಲ. ಆದರೂ ಆ ಹೆಸರು ನನಗೆ ಹಿತವಾಗಿತ್ತು.

ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನ ಬೇರೆ ಕಡೆ ಆಗದೆ ಬಂದವರು. ಕುಡಿದು ಓಡಿಸಿ ಸಿಕ್ಕಿಬಿದ್ದು ಲೈಸೆನ್ಸ್ ಅಮಾನತಾದವರು, ಒಂದೇ ವರ್ಷದಲ್ಲಿ ಎರಡು ಮೂರು ಸಲ ಗಾಡಿ ಗುದ್ದಿ ಕ್ಲೇಮ್ ತೆಗೆದುಕೊಂಡವರು. ಅಂಥವರಿಗೂ ಥರ್ಡ್ ಪಾರ್ಟಿ ವಿಮೆ ಸಿಗುತ್ತದೆ, ಅಂದರೆ ಎದುರಿನವರಿಗೆ ಆದ ಹಾನಿಗೆ ಮಾತ್ರ ಬರುವ ವಿಮೆ. ಅದನ್ನು ಯಾರೂ ನಿರಾಕರಿಸುವಂತಿಲ್ಲ. ಆದರೆ ಸ್ವಂತ ಗಾಡಿಗೂ ಬರುವ ಫುಲ್ ವಿಮೆ ಕೇಳಿದರೆ ನಮ್ಮ ಕಂಪನಿಯ ಶಾಖೆಯವರು ಚಾಲಕನ ಲೈಸೆನ್ಸ್ ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡುತ್ತಿದ್ದರು. ಅಮಾನತು ಎಂದು ಬಂದರೆ ಕಡತ ವಾಪಸು. ಫುಲ್ ವಿಮೆ ಇಲ್ಲದ ಟ್ಯಾಕ್ಸಿಯನ್ನು ದೊಡ್ಡ ಹೋಟೆಲಿನವರು ಗೇಟಿನೊಳಗೆ ಬಿಡುವುದಿಲ್ಲ. ಹೀಗೆ ಸಿಕ್ಕಿಕೊಂಡವರಿಗೆ ಯಾರಾದರೂ ಹೇಳುತ್ತಿದ್ದರು, ಝುವಾರಿನಗರದ ಮಾಸ್ತರನ ಕಡೆ ಹೋಗು, ಅವ ಮಾಡಿಸಿಕೊಡ್ತಾನ ಅಂತ.

ನಾನು ಹೇಗೆ ಮಾಡಿಸಿಕೊಡುತ್ತಿದ್ದೆ ಎಂದು ಹೇಳಬೇಕಾದರೆ ಚಾಚಾನ ವಿಷಯ ಹೇಳಬೇಕು.

ಚಾಚಾ ವಿಜಯಪುರದ ಕಡೆಯವರು. ಗೋವಾದಲ್ಲಿ ಅದಿರಿನ ಗಣಿಗಳು ನಡೆಯುತ್ತಿದ್ದಾಗ ಟಿಪ್ಪರ್ ಓಡಿಸುತ್ತಿದ್ದರು. ಗಣಿ ನಿಂತಿತು, ಟಿಪ್ಪರುಗಳು ನಿಂತಲ್ಲೇ ತುಕ್ಕು ಹಿಡಿದವು, ಚಾಚಾ ನನ್ನ ಟೇಬಲ್ಲಿನಿಂದ ಸ್ವಲ್ಪ ದೂರದಲ್ಲಿ ಬಾಳೆಹಣ್ಣಿನ ತಳ್ಳುಗಾಡಿ ಹಚ್ಚಿದರು. ವರ್ಷಗಟ್ಟಲೆ ಕ್ಲಚ್ ಒತ್ತಿ ಅವರ ಎಡ ಮೊಣಕಾಲು ಕೆಟ್ಟಿತ್ತು. ಮೆಟ್ಟಿಲು ಇಳಿಯುವಾಗ ಒಂದೊಂದರ ಮೇಲೂ ಎರಡೂ ಪಾದ ಇಟ್ಟು ಇಳಿಯುತ್ತಿದ್ದರು. ಇಷ್ಟಾದರೂ ಲೈಸೆನ್ಸನ್ನು ಮಾತ್ರ ಅವಧಿ ಮುಗಿಯುವ ಮೊದಲೇ ರಿನ್ಯೂ ಮಾಡಿಸುತ್ತಿದ್ದರು. ಆ ಅರ್ಜಿ ನಾನೇ ತುಂಬುತ್ತಿದ್ದೆ.

"ಗಾಡಿ ಓಡಿಸೂದಿಲ್ಲ ಅಂದ ಮ್ಯಾಲ ಇದ್ಯಾಕ ಬೇಕ ಚಾಚಾ?" ಎಂದು ಒಮ್ಮೆ ಕೇಳಿದೆ.

"ಇಪ್ಪತ್ತೆಂಟ ವರ್ಷ ಅದಿರಿನ ಗಾಡಿ ಓಡಿಸೇನಿ ಮಾಸ್ತರ. ಮನಷ್ಯಾರ ಮಾತ ಬಿಡ್ರಿ, ಒಂದ ಕೋಳಿ ಸೈತ ನನ್ನ ಗಾಲಿಗಿ ಸಿಕ್ಕಿಲ್ಲ. ಇದರಾಗ ಒಂದ ಕರೇ ಚುಕ್ಕಿ ಇಲ್ಲ. ಇದೊಂದ ನನ್ನ ಕೈಯಾಗ ಉಳದೈತಿ."

ಆ ಮಾತು ಕೇಳಿದಾಗ ನನಗೆ ಹೊಳೆದದ್ದು ನನ್ನ ಅರ್ಜಿಯ ಎರಡನೇ ಪುಟ. ಬಾಡಿಗೆ ಗಾಡಿ ಓಡಿಸಲು ಬೇಕಾದ ಟ್ಯಾಕ್ಸಿ ಬ್ಯಾಜ್ ಇದ್ದ, ಒಂದೂ ಕಲೆ ಇಲ್ಲದ, ಯಾರೂ ಬಳಸದ ಲೈಸೆನ್ಸ್ ನನ್ನ ಎದುರಿಗೇ ಇತ್ತು.

ಮೊದಲನೆಯದು ಕಾಣಕೋಣದ ಒಂದು ಪಿಕಪ್. ಮಾಲೀಕನ ಲೈಸೆನ್ಸ್ ಅಮಾನತಾಗಿತ್ತು. ಸಂಬಳದ ಚಾಲಕ ಎಂಬ ಜಾಗದಲ್ಲಿ ಚಾಚಾನ ಹೆಸರು ಬರೆದೆ, ಕೆಳಗಿನ ಮೂರೂ ಪ್ರಶ್ನೆಗಳಿಗೆ 'ಇಲ್ಲ' ಎಂದು ಬರೆದೆ. ಆ ಮೂರೂ ಉತ್ತರ ಚಾಚಾನ ಮಟ್ಟಿಗೆ ನಿಜವೇ ಆಗಿದ್ದವು. ಅವರಿಗೆ, "ಇದು ಬರೇ ಫಾರ್ಮಿನ ಮಾತು, ಗಾಡಿ ಅವರ ಓಡಿಸ್ತಾರ" ಎಂದೆ.

"ಹಚಗೋರಿ. ಹೆಸರೇನ ಸವದ ಹೊಕ್ಕೈತೇನು?" ಎಂದು ಚಾಚಾ ಲೈಸೆನ್ಸಿನ ಝೆರಾಕ್ಸ್ ಮೇಲೆ ಸಹಿ ಮಾಡಿಕೊಟ್ಟರು. ಅದಕ್ಕೆ ಅವರು ಏನನ್ನೂ ಕೇಳಲಿಲ್ಲ. ತಮ್ಮ ಅರ್ಜಿಗಳನ್ನು ನಾನು ಪುಕ್ಕಟೆ ತುಂಬಿಕೊಡುತ್ತೇನೆ ಎಂಬ ದಾಕ್ಷಿಣ್ಯವೊಂದಿತ್ತು.

ಎರಡು ವರ್ಷದಲ್ಲಿ ಚಾಚಾ ಆರು ಗಾಡಿಗಳ ಚಾಲಕರಾದರು. ಝೆರಾಕ್ಸ್ ಅಂಗಡಿಯವನಿಗೆ ಇದೊಂದು ತಮಾಷೆ.

"ಚಾಚಾ, ಇವತ್ತ ಯಾವ ಗಾಡಿ ಮ್ಯಾಲ ಡ್ಯೂಟಿ?"

"ಕಾಣಕೋಣದ ಪಿಕಪ್ ಮ್ಯಾಲ," ಎನ್ನುತ್ತ ಚಾಚಾ ಹಣ್ಣಿನ ಗಾಡಿ ತಳ್ಳಿಕೊಂಡು ಬರುತ್ತಿದ್ದರು. "ಸರೀಪಾ ಮುಂದಿಂದ. ಬ್ರೇಕ್ ಹಿಡೀವಲ್ದು."

ನಾನೂ ನಗುತ್ತಿದ್ದೆ.

ಏಳನೆಯದು ಒಂದು ಟೂರಿಸ್ಟ್ ಟ್ಯಾಕ್ಸಿ. ಅದರ ಮಾಲೀಕನಿಗೆ ಮೂವತ್ತೈದು ಇರಬಹುದು. ತಂದೆ ತಾಯಿ ಹಾವೇರಿ ಕಡೆಯವರು, ಅವನು ಬೆಳೆದದ್ದು ಇಲ್ಲಿಯೇ. ಕುಡಿದು ಓಡಿಸಿ ಎರಡು ಸಲ ಸಿಕ್ಕಿದ್ದ. ಎರಡನೇ ಸಲ ಆರು ತಿಂಗಳು ಲೈಸೆನ್ಸ್ ಅಮಾನತಾಯಿತು. ಅದಕ್ಕೂ ಮೊದಲು ರಸ್ತೆ ನಡುವಿನ ಕಟ್ಟೆಗೆ ಹೊಡೆದು ಒಂದು ಕ್ಲೇಮ್ ತೆಗೆದುಕೊಂಡಿದ್ದ. ಹಳೆಯ ಪಾಲಿಸಿ ಮುಗಿದು ಇಪ್ಪತ್ತು ದಿನವಾಗಿತ್ತು.

"ಡ್ರೈವರನ್ನ ಇಟಗೋ," ಎಂದೆ.

"ಇಟಗೊಂಡೇನಿ ಅಂತ ಬರೀರಲ್ಲ ಮಾಸ್ತರ. ನಿಮ್ಮ ಚಾಚಾನ ಸ್ಟೇರಿಂಗಿಗಿ ಇನ್ನೊಂದ ಗಾಡಿ ಭಾರ ಆಕ್ಕೈತೇನು?"

ಪಾಲಿಸಿಯ ಅವಧಿ ಮುಗಿದ ಗಾಡಿಯನ್ನು ನೋಡದೆ ಹೊಸ ವಿಮೆ ಕೊಡುವುದಿಲ್ಲ. ಕಂಪನಿಯಿಂದ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ಅದನ್ನು ತೆರೆದು ನಾಲ್ಕೂ ಬದಿ, ಮುಂದಿನ ಗಾಜು, ಮೀಟರಿನ ಕಿಲೋಮೀಟರು, ಚಾಸಿ ನಂಬರು ಎಲ್ಲದರ ಫೋಟೊ ತೆಗೆದು ಕಳಿಸಬೇಕು. ಆ ಟ್ಯಾಕ್ಸಿಯ ಚಾಸಿ ನಂಬರಿನ ಮೇಲೆ ಧೂಳು ಕೂತು ಫೋಟೊ ಸರಿ ಬರಲಿಲ್ಲ. ಹಳೆಯ ಪದ್ಧತಿಯಂತೆ ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಹದಿನೇಳು ಅಕ್ಷರ, ಅಂಕಿಗಳನ್ನು ಎರಡು ಸಲ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಆಮೇಲೆ ಅದೇ ಪೆನ್ನು ಹಿಡಿದು ಎರಡನೇ ಪುಟ ತುಂಬಿದೆ.

ಮೂರನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಸುಮಾರು ಎರಡು ಗಂಟೆಗೆ, ಟ್ಯಾಕ್ಸಿಯವನ ಫೋನ್ ಬಂತು.

"ಮಾಸ್ತರ, ಮೊಲೆಂ ಹತ್ರ ಒಬ್ಬಂಗ ಬಡದೇನಿ. ರಸ್ತೆ ಕೆಲಸದಾಂವ. ಗಾಡಿ ನಿಲ್ಲಸಾಕ ಕೆಂಪ ಝಂಡಾ ಹಿಡಕೊಂಡ ನಿಂತಿದ್ದ."

"ಜೀವ ಐತೇನು?"

"ಉಸರಾಡಾಕತ್ತಿದ್ದ. ಕಿವ್ಯಾಗಿಂದ ರಕ್ತ ಬಂದೈತಿ. ದವಾಖಾನಿಗಿ ಒಯ್ದಾರ. ಮಂದಿ ಕೂಡಿದ್ರು, ನಾ ಗಾಡಿ ಬಿಟ್ಟ ಓಡಿ ಬಂದೇನಿ."

"ಕುಡದಿದ್ದೇನು?"

"ಊಟದಾಗ ಒಂದ ಬಿಯರ್," ಎಂದ. ಗಾಡಿಯಲ್ಲಿ ಪ್ರವಾಸಿಗರು ಇರಲಿಲ್ಲ. ಅವರನ್ನು ಜಲಪಾತ ನೋಡಲು ಬಿಟ್ಟು ಒಬ್ಬನೇ ವಾಪಸು ಬರುತ್ತಿದ್ದನಂತೆ.

ಇಲ್ಲಿಂದ ಮುಂದಿನದನ್ನು ನಾನು ಇದ್ದಂತೆ ಬರೆಯಬೇಕು. ಏನು ಮಾಡಲಿ ಎಂದು ಮಾತ್ರ ಅವನು ನನ್ನನ್ನು ಕೇಳಿದ. ಠಾಣೆಗೆ ಹೋಗು ಎಂದು ಹೇಳಬಹುದಿತ್ತು. ನಾನು ಡ್ರಾಯರಿನಿಂದ ಅವನ ಫೈಲು ತೆಗೆದು ಎರಡನೇ ಪುಟ ನೋಡಿದೆ. ಆಮೇಲೆ ಹೇಳಿದೆ: "ಫಾರ್ಮಿನ್ಯಾಗ ಡ್ರೈವರ್ ಯಾರದಾರ ಗೊತ್ತೈತಲ್ಲ? ನೀ ಅಲ್ಲೇ ಎಲ್ಯಾರ ಕುಂದ್ರು. ನಾ ಚಾಚಾನ ಕರಕೊಂಡ ಬರ್ತೇನಿ."

ಮೊದಲು ಆ ಮಾತು ಬಂದದ್ದು ನನ್ನ ಬಾಯಿಂದ.

ಚಾಚಾ ಹಣ್ಣಿನ ಮೇಲೆ ಗೋಣಿಚೀಲ ಹೊದಿಸಿ, ಝೆರಾಕ್ಸ್ ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ ನನ್ನ ಜೊತೆ ಹೊರಟರು. ಎರಡು ಬಸ್ ಬದಲಿಸಿ ಮೊಲೆಂ ಮುಟ್ಟಬೇಕು. ಬಸ್ಸಿನಲ್ಲಿ ಕೆಟ್ಟ ಕಾಲನ್ನು ನಡುವಿನ ದಾರಿಗೆ ಚಾಚಿ ಕುಳಿತು ಕೇಳಿದರು.

"ಅವಂಗ ಎಷ್ಟ ಪೆಟ್ಟಾಗೇತಿ?"

"ಕಾಲಿಗಿ ಸ್ವಲ್ಪ," ಎಂದೆ.

"ನಾ ಯಾವ ಕಡಿಂದ ಬರಾಕತ್ತಿದ್ನಿ?"

ನಾನು ಹೇಳಿಕೊಟ್ಟೆ. ಪ್ರವಾಸಿಗರನ್ನು ಇಳಿಸಿ ಖಾಲಿ ಗಾಡಿಯಲ್ಲಿ ಪೋಂಡಾ ಕಡೆಗೆ ಬರುತ್ತಿದ್ದಿರಿ, ತಿರುವಿನಲ್ಲಿ ಝಂಡಾ ಕಾಣಲಿಲ್ಲ, ಬ್ರೇಕ್ ಹಾಕುವಷ್ಟರಲ್ಲಿ ತಗುಲಿತು, ಜನರಿಗೆ ಹೆದರಿ ಸ್ವಲ್ಪ ದೂರ ಹೋಗಿ ನಿಂತಿದ್ದಿರಿ.

ಚಾಚಾ ನನ್ನ ಕಡೆ ತಿರುಗಿದರು. "ಝಂಡಾ ಕಾಣಲಿಲ್ಲಂತ ಹ್ಯಾಂಗ ಹೇಳ್ಲಿ? ಝಂಡಾ ನೋಡೂದ ಡ್ರೈವರಕಿ ಮಾಸ್ತರ."

"ಹಂಗ ಹೇಳ್ರಿ ಚಾಚಾ. ಮತ್ತೇನ ಹೇಳಾಕ ಬರ್ತೈತಿ?"

ಠಾಣೆಯಲ್ಲಿ ಯಾರೂ ಅನುಮಾನಿಸಲಿಲ್ಲ. ಅನುಮಾನಕ್ಕೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಚಾಚಾನ ಹೆಸರಿದ್ದ ಅರ್ಜಿ ಅಪಘಾತಕ್ಕಿಂತ ಮೂರು ತಿಂಗಳು ಹಳೆಯದು, ಲೈಸೆನ್ಸ್ ಸರಿ ಇದೆ, ಬ್ಯಾಜ್ ಇದೆ. ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಿಸಿದರು. ಚಾಚಾ ಜೀವನದಲ್ಲಿ ಕುಡಿದವರಲ್ಲ, ಯಂತ್ರ ಸೊನ್ನೆ ತೋರಿಸಿತು. ಹೇಳಿಕೆಯ ಕೆಳಗೆ ಚಾಚಾ ಕನ್ನಡದಲ್ಲಿ, ಅಕ್ಷರ ಬಿಡಿಸಿ ಬಿಡಿಸಿ ಸಹಿ ಮಾಡಿದರು. ಜಾಮೀನಿಗೆ ನಾನು ಸಹಿ ಹಾಕಿದೆ. ರಾತ್ರಿ ಕೊನೆಯ ಬಸ್ಸಿಗೆ ಮನೆಗೆ ಬಂದೆವು. ಕೆಲಸ ಅಚ್ಚುಕಟ್ಟಾಗಿ ಮುಗಿಯಿತು ಎಂಬ ಸಮಾಧಾನದಿಂದ ಅಂದು ನಾನು ಹೊಟ್ಟೆತುಂಬ ಊಟ ಮಾಡಿದೆ.

ನಾಲ್ಕನೇ ದಿನ ಝಂಡಾ ಹಿಡಿದವನು ತೀರಿಕೊಂಡ. ಕೊಪ್ಪಳದ ಕಡೆಯವನು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಹೆಂಡತಿಯ ಜೊತೆ ಬಂದಿದ್ದ.

ನಾನೇ ಹೋಗಿ ಚಾಚಾನಿಗೆ ಹೇಳಿದೆ. ಅವರು ಬಾಳೆಗೊನೆಯಿಂದ ಚಿಪ್ಪು ಕೊಯ್ಯುತ್ತಿದ್ದರು. ಚಾಕು ಕೆಳಗಿಟ್ಟು ಗಾಡಿಯ ಗಾಲಿಗೆ ಒರಗಿ ಕುಳಿತರು.

"ಕಾಲಿಗಿ ಪೆಟ್ಟಂದಿದ್ರಿ."

ನಾನು ಕೆಳಗಿದ್ದ ಚಾಕು ಎತ್ತಿ ಗಾಡಿಯ ಮೇಲಿಟ್ಟೆ.

ಮತ್ತೆ ಕೇಳಿದರು: "ನಾ ಎಷ್ಟ ಸ್ಪೀಡಿನ್ಯಾಗ ಇದ್ನಿ ಮಾಸ್ತರ?"

ಹೇಳಿಕೆಯಲ್ಲಿ ನಾನೇ ನಲವತ್ತು ಎಂದು ಬರೆಸಿದ್ದು ನೆನಪಿತ್ತು.

ನಿರ್ಲಕ್ಷ್ಯದಿಂದ ಸಾವು ತಂದ ಆರೋಪ ಚಾಚಾನ ಮೇಲೆ ಬಂತು. ಸತ್ತವನ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕಿದಳು. ಟ್ಯಾಕ್ಸಿಯವನು ಗಾಡಿ ಬಿಡಿಸಿಕೊಂಡು ರಿಪೇರಿಗೆ ಹಾಕಿದ. ನನ್ನ ಟೇಬಲ್ಲಿನ ಕಡೆ ಬರುವುದನ್ನು ಬಿಟ್ಟ. ಚಾಚಾ ಎಂದಿನಂತೆ ಹಣ್ಣು ಮಾರಿದರು, ಆದರೆ ಯಾವ ಗಾಡಿ ಮೇಲೆ ಡ್ಯೂಟಿ ಎಂದು ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಝೆರಾಕ್ಸ್ ಅಂಗಡಿಯವನೂ ಕೇಳುವುದನ್ನು ಬಿಟ್ಟ.

ಸಾವು ಆದ ಕ್ಲೇಮಿನಲ್ಲಿ ಕಂಪನಿ ತನಿಖೆಗೆ ಒಬ್ಬರನ್ನು ಕಳಿಸುತ್ತದೆ. ಬಂದವರು ಬೆಳಗಾವಿಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ಕೈಯಲ್ಲಿ ಕಪ್ಪು ರೆಕ್ಸಿನ್ ಚೀಲ. ಕುರ್ಚಿಯಲ್ಲಿ ಕುಳಿತು ಚಹ ಕುಡಿದು, ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಏಳು ಗಾಡಿಗಳ ನಂಬರು. ಏಳರ ಮುಂದೆಯೂ ಒಂದೇ ಲೈಸೆನ್ಸ್.

"ನಿಮ್ಮ ಡ್ರೈವರ್ ಮುಂಜಾನಿ ಕಾಣಕೋಣದಾಗ ಮೀನ ಹೇರತಾರ, ಮಧ್ಯಾಹ್ನ ಮೊಲೆಂದಾಗ ಟೂರಿಸ್ಟ್ ಇಳಸ್ತಾರ, ಸಂಜಿಕ ವಾಸ್ಕೋದಾಗ ಟೆಂಪೋ ಓಡಸ್ತಾರ," ಎಂದರು. "ಹೆಲಿಕಾಪ್ಟರ್ ಏನರೆ ಐತೇನ್ರಿ ಅವರ ಕಡೆ?"

ನಾನು ಒಣ ನಗೆ ನಕ್ಕೆ. ಅವರು ನಗಲಿಲ್ಲ.

ಎದ್ದು ಚಾಚಾನ ಗಾಡಿಯ ಹತ್ತಿರ ಹೋದರು, ನಾನೂ ಹಿಂದೆ ಹೋದೆ. ಅರ್ಧ ಡಜನ್ ಹಣ್ಣು ಕಟ್ಟಿಸಿಕೊಂಡು, ತಾವು ಯಾರೆಂದು ಹೇಳಿ, ಒಂದೇ ಪ್ರಶ್ನೆ ಕೇಳಿದರು.

"ಚಾಚಾ, ಆ ಟ್ಯಾಕ್ಸಿಯೊಳಗ ರಿವರ್ಸ್ ಹ್ಯಾಂಗ ಬೀಳತೈತ್ರಿ?"

ಚಾಚಾನ ಕೈ ತಾನಾಗಿ ಗಾಳಿಯಲ್ಲಿ ಗೇರು ಹಿಡಿಯಿತು. "ಎಡಕ ಒತ್ತಿ, ಹಿಂದಕ ಜಗ್ಗೂದರಿ," ಎಂದರು. ಅದು ಅವರ ಹಳೆಯ ಟಿಪ್ಪರಿನ ಗೇರು. ಆ ಟ್ಯಾಕ್ಸಿಯಲ್ಲಿ ಗೇರಿನ ಹಿಡಿಯ ಕೆಳಗೆ ಒಂದು ಬಳೆ ಇದೆ, ಅದನ್ನು ಬೆರಳಿನಿಂದ ಮೇಲಕ್ಕೆ ಎತ್ತದೆ ರಿವರ್ಸ್ ಬೀಳುವುದೇ ಇಲ್ಲ. ತನಿಖೆಯವರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಹೋಗುವಾಗ ನನ್ನನ್ನು ಬದಿಗೆ ಕರೆದು, "ಎಂಟ ದಿನದಾಗ ಈ ಏಳು ಗಾಡಿ ಬಗ್ಗೆ ನಿಮ್ಮ ಉತ್ತರ ಬರವಣಿಗಿಯೊಳಗ ಕೊಡ್ರಿ ಮಾಸ್ತರ. ಏನ ಬರೀತೀರಿ ಅನ್ನೂದು ನಿಮಗ ಬಿಟ್ಟದ್ದು," ಎಂದರು.

ನಾನು ಆಗಲೂ ಸರಿಯಾದದ್ದನ್ನು ಮಾಡಲಿಲ್ಲ. ಎರಡು ದಿನ ಕುಳಿತು ಒಂದು ಪತ್ರ ತಯಾರಿಸಿದೆ. ಸದರಿ ಚಾಲಕರು ಬದಲಿ ಚಾಲಕರಾಗಿ ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಗಾಡಿ ಓಡಿಸುತ್ತಿದ್ದರು, ಟ್ಯಾಕ್ಸಿಯನ್ನು ಹೊಸದಾಗಿ ಓಡಿಸತೊಡಗಿದ್ದರಿಂದ ಅದರ ಗೇರು ರೂಢಿಯಾಗಿರಲಿಲ್ಲ, ಹೀಗೆ. ಓದಿದರೆ ನಂಬುವಂತಿತ್ತು. ನಲವತ್ತು ವರ್ಷ ಅರ್ಜಿ ತುಂಬಿದ ಕೈ ಅದು. ಕೆಳಗೆ ಚಾಚಾನ ಸಹಿಯೊಂದು ಬೇಕಿತ್ತು.

ಚಾಚಾ ನನ್ನಿಂದ ಅದನ್ನು ಓದಿಸಿ ಕೇಳಿದರು. ಪತ್ರವನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟರು.

"ಇನ್ನ ಸಹಿ ಮಾಡೂದಿಲ್ಲ ಮಾಸ್ತರ. ಹೇಳಿದ್ದೊಂದ ಹೇಳಿ ಆತು. ಮತ್ತೊಂದ ಹೊಸಾದ ಬ್ಯಾಡ."

"ಸಹಿ ಮಾಡದಿದ್ರ ಅವರು ಬಿಡೂದಿಲ್ಲ ಚಾಚಾ."

"ಜೈಲಿಗಿ ಹೋಗಂದ್ರ ಹೊಕ್ಕೇನಿ. ನಿಮ್ಮ ಹೆಸರ ಎಲ್ಲೂ ತಗಿಯೂದಿಲ್ಲ, ಅಂಜಬ್ಯಾಡ್ರಿ. ಮಾತ ಕೊಟ್ಟೇನಿ."

ಅವರು ಯಾವಾಗ ಮಾತು ಕೊಟ್ಟಿದ್ದರು ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ನಾನು ಕೇಳಿರಲೇ ಇಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು ಮೊಲೆಂಗೆ ಬಂದದ್ದನ್ನೇ ಅವರು ಮಾತು ಕೊಟ್ಟಂತೆ ತಿಳಿದಿದ್ದರು.

ಆರನೇ ದಿನ ಕೋರ್ಟಿನಲ್ಲಿ ಚಾಚಾನ ಮೊದಲ ಹಾಜರಿ. ಜಾಮೀನುದಾರನಾಗಿ ನಾನೂ ಹೋದೆ. ಚಾಚಾ ಮೇಲಿನ ಮಹಡಿಯಲ್ಲಿ ಒಳಗಿದ್ದರು, ನಾನು ಕೆಳಗೆ ಬೆಂಚಿನ ಮೇಲೆ ಕುಳಿತಿದ್ದೆ. ಫೋನಿನಲ್ಲಿ ನಾನು ಕನ್ನಡ ಮಾತಾಡಿದ್ದು ಕೇಳಿ ಒಬ್ಬ ಹೆಣ್ಣುಮಗಳು ಬಂದು ಬೆಂಚಿನ ಆ ತುದಿಯಲ್ಲಿ ಕುಳಿತಳು. ಮೂವತ್ತರ ಒಳಗಿನ ವಯಸ್ಸು. ಅಂಗೈ, ಉಗುರಿನ ಸಂದುಗಳಲ್ಲಿ ಡಾಂಬರಿನ ಕಪ್ಪು. ಮೇಲೆ ಹೋಗುವಾಗ ಚಾಚಾ ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿದ್ದನ್ನು ಅವಳು ನೋಡಿದ್ದಳು.

"ಅಣ್ಣಾರ, ಆ ಅಜ್ಜಗ ನೀವೇನ ಆಗಬೇಕ್ರಿ?"

"ಗುರ್ತಿನವರು."

"ಅವರ ಕಾಲ ಮೊದಲಿಂದ ಹಿಂಗ ಐತೇನ್ರಿ?"

"ಹೌದವ್ವಾ, ಭಾಳ ವರ್ಷಾತು," ಎಂದುಬಿಟ್ಟೆ. ಅಂದ ಮೇಲೆ ಇವಳು ಯಾರೆಂದು ನನಗೆ ತಿಳಿಯಿತು.

"ಹಂಗಾದ್ರ ಈ ಅಜ್ಜ ಅಲ್ರಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ನಾ ಅಲ್ಲೇ ಖಡಿ ಬುಟ್ಟಿ ಹೊತಗೊಂಡ ನಿಂತಿದ್ನಿ. ಮಾರಿ ಕಾಣಲಿಲ್ಲ ಖರೇ, ಬೆನ್ನ ನೋಡೇನಿ. ಗಾಡಿ ಬಿಟ್ಟಾಂವ ರಸ್ತೆ ಕಟ್ಟಿ ಜಿಗದ ಗಿಡದಾಗ ಓಡಿದ. ಈ ಅಜ್ಜ ಜಿಗೀತಾರೇನ್ರಿ?"

"ನಿಮ್ಮ ವಕೀಲರಿಗಿ ಹೇಳಿದ್ದೇನು?"

"ಹೇಳೇನ್ರಿ. ಕಾಗದ ಎಲ್ಲಾ ಸರಿ ಅದಾವ, ಸುಮ್ಮ ಇರು, ಪರಿಹಾರ ಲಗೂ ಬರ್ತೈತಿ ಅಂದ್ರು." ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಬರ್ಲಿ, ಬ್ಯಾಡನ್ನೂದಿಲ್ಲ. ಆದ್ರ ಮಗಳ ನಾಳೆ ದೊಡ್ಡಾಕಿ ಆಗಿ, ಯವ್ವಾ, ಅಪ್ಪನ್ನ ಯಾರ ಹಾಯಿಸಿದ್ರು ಅಂತ ಕೇಳಿದ್ರ, ಈ ಅಜ್ಜನ ತೋರಸ್ಲೇನ್ರಿ?"

ಅಷ್ಟರಲ್ಲಿ ಚಾಚಾ ಮೆಟ್ಟಿಲಿನ ತುದಿಗೆ ಬಂದರು. ಕಂಬಿ ಹಿಡಿದು, ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಪಾದ ಇಟ್ಟು ಇಳಿಯತೊಡಗಿದರು. ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ನಾನು ಏಳುವುದರೊಳಗೆ ಅವಳು ಎದ್ದು ಹೋಗಿ, "ಚೀಲ ಕೊಡ್ರಿ ಯಜ್ಜಾ," ಎಂದು ಇಸಿದುಕೊಂಡಳು. ಸತ್ತವನ ಹೆಂಡತಿ ಅವಳೇ ಎಂದು ಮೇಲಿನಿಂದ ಯಾರೋ ಚಾಚಾನಿಗೆ ತೋರಿಸಿದ್ದರು. ಅವಳು ಯಾರೆಂದು ಗೊತ್ತಿದ್ದೇ ಚೀಲ ಕೊಟ್ಟರು. ಕೆಳಗಿನ ಮೆಟ್ಟಿಲಿಗೆ ಬರುವವರೆಗೆ ಅವರು ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ವಾಪಸು ಬಂದೆವು. ಝುವಾರಿನಗರದಲ್ಲಿ ಇಳಿದು ಮನೆಗೆ ಹೋಗದೆ ಟೇಬಲ್ಲಿಗೆ ಹೋದೆ. ಏಳು ಫೈಲುಗಳನ್ನು ತೆಗೆದು, ತಯಾರಿಸಿದ್ದ ಪತ್ರವನ್ನು ಹರಿದು, ಬಿಳಿ ಹಾಳೆಯ ಮೇಲೆ ನಡೆದದ್ದನ್ನು ನಡೆದಂತೆ ಬರೆದೆ. ನಾಲ್ಕು ಪುಟವಾಯಿತು. ಮಧ್ಯಾಹ್ನ ಎರಡು ಗಂಟೆಯ ಫೋನು, ನಾನು ಕೊಟ್ಟ ಸಲಹೆ, ಬಸ್ಸಿನಲ್ಲಿ ಹೇಳಿಕೊಟ್ಟ ಪಾಠ, ಕಾಲಿಗೆ ಪೆಟ್ಟು ಎಂದ ಸುಳ್ಳು. ಇದನ್ನು ನಾನು ಬರೀ ಪಶ್ಚಾತ್ತಾಪದಿಂದ ಬರೆದೆ ಎನ್ನಲಾರೆ. ರಿವರ್ಸ್ ಗೇರಿನ ಉತ್ತರ ಪುಸ್ತಕದಲ್ಲಿ ಸೇರಿಯಾಗಿತ್ತು, ಇಂದಲ್ಲ ನಾಳೆ ಎಲ್ಲ ಹೊರಬೀಳುತ್ತದೆ ಎಂಬ ಭಯವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಇಂದಿಗೂ ನನಗೆ ತಿಳಿದಿಲ್ಲ.

ತನಿಖೆಯವರು ಮರುದಿನ ಬಂದು ನಾಲ್ಕೂ ಪುಟ ಓದಿದರು.

"ಇದನ್ನ ಕೊಟ್ರ ನಿಮ್ಮ ಏಜೆನ್ಸಿ ಕೋಡ್ ಹೊಕ್ಕೈತಿ. ನಿಮ್ಮ ಮ್ಯಾಲ ಕೇಸೂ ಆಕ್ಕೈತಿ."

"ಗೊತ್ತೈತ್ರಿ."

"ಆ ಹೆಣ್ಮಗಳ ಪರಿಹಾರಾನೂ ತಡಾ ಆಗಬಹುದು. ಓಡಿಸಿದಾಂವಗ ಲೈಸೆನ್ಸ್ ಇರಲಿಲ್ಲ ಅಂತ ಕಂಪನಿ ತಕರಾರ ತಗೀತೈತಿ. ಅದೂ ಗೊತ್ತೈತೇನ್ರಿ?"

ಗೊತ್ತಿತ್ತು. ಬೆಂಚಿನ ಮೇಲೆ ಕುಳಿತಾಗಲೇ ಗೊತ್ತಿತ್ತು. ಹಾಳೆಗಳನ್ನು ಅವರ ಕಡೆಗೆ ಸರಿಸಿದೆ.

ಮುಂದಿನದು ನಿಧಾನವಾಗಿ ನಡೆಯಿತು. ಪೊಲೀಸರು ನನ್ನ ಹೇಳಿಕೆ ತೆಗೆದುಕೊಂಡರು, ಫೋನ್ ಕರೆಗಳ ದಾಖಲೆ ತರಿಸಿದರು. ಆ ಹೊತ್ತಿಗೆ ಟ್ಯಾಕ್ಸಿಯವನ ಫೋನು ಮೊಲೆಂನಲ್ಲಿತ್ತು, ಚಾಚಾನದು ಝುವಾರಿನಗರದಲ್ಲಿತ್ತು. ಬಂಧನವಾಗುವ ಮೊದಲು ಟ್ಯಾಕ್ಸಿಯವನು ಒಮ್ಮೆ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ.

"ಚಾಚಾನ ಕರಕೊಂಡ ಬರ್ರಿ ಅಂತ ನಾ ಅಂದಿದ್ನೇನ ಮಾಸ್ತರ? ನೀವ ಅಂದ್ರಿ. ಅವತ್ತ ಠಾಣೆಗಿ ಹೋಗು ಮಗನ ಅಂದಿದ್ರ ಹೋಗತಿದ್ನಿ."

ಹೋಗುತ್ತಿದ್ದನೋ ಇಲ್ಲವೋ. ಆದರೆ ನಾನು ಅನ್ನಲಿಲ್ಲ ಎಂಬುದು ಸತ್ಯ. ಇದನ್ನೂ ಪೊಲೀಸರ ಮುಂದೆ ಹೇಳಿದೆ.

ಅಪಘಾತದ ಆರೋಪದಿಂದ ಚಾಚಾನನ್ನು ಬಿಡಲು ಒಂದು ವರ್ಷದ ಮೇಲೆ ಹಿಡಿಯಿತು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ದಂಡ ಹಾಕಿದರು. ನನ್ನ ಏಜೆನ್ಸಿ ಕೋಡ್ ಹೋಯಿತು, ನನ್ನ ಮೇಲಿನ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಉಳಿದ ಆರು ಗಾಡಿಗಳ ಫುಲ್ ವಿಮೆ ರದ್ದಾಯಿತು. ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾಯಿತು, ಆದರೆ ಅಲ್ಲಿಯವರೆಗೆ ಆ ಹೆಣ್ಣುಮಗಳು ಮತ್ತೆ ರಸ್ತೆ ಕೆಲಸದ ಖಡಿ ಹೊತ್ತಳು. ನನ್ನ ಸುಳ್ಳು ಹಾಗೆಯೇ ಉಳಿದಿದ್ದರೆ ಅವಳಿಗೆ ಮೊದಲೇ ಸಿಗುತ್ತಿತ್ತು. ಅವಳನ್ನು ಮತ್ತೆ ಭೇಟಿಯಾಗುವ ಧೈರ್ಯ ನನಗಾಗಿಲ್ಲ.

ಈಗಲೂ ಅದೇ ಕಟ್ಟೆಯ ಮೇಲೆ ಕೂಡುತ್ತೇನೆ, ಬರೀ ಅರ್ಜಿ ತುಂಬಲು. ವಿಮೆಯ ಕಾಗದವಾದರೆ ತುಂಬಿ ಬೇರೆ ಏಜೆಂಟನ ಕಡೆ ಕಳಿಸುತ್ತೇನೆ. ಚಾಚಾ ಕಂಡರೆ ತಲೆಯಾಡಿಸುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರಾಗಿಯೇ ಬಂದು ಕುರ್ಚಿಯಲ್ಲಿ ಕುಳಿತರು. ಬಹಳ ದಿನಗಳ ಮೇಲೆ ಮುಖದಲ್ಲಿ ಗೆಲುವಿತ್ತು. ಮೀನು ಪ್ಯಾಕ್ ಮಾಡುವ ಕಾರ್ಖಾನೆಗೆ ಹೆಂಗಸರನ್ನು ಕರೆದೊಯ್ಯಲು ಒಬ್ಬ ಗುತ್ತಿಗೆದಾರ ಬ್ಯಾಟರಿ ವ್ಯಾನ್ ತಂದಿದ್ದಾನಂತೆ.

"ಕ್ಲಚ್ ಇಲ್ಲ ಮಾಸ್ತರ ಅದಕ. ಎಡಗಾಲಿಗಿ ಕೆಲಸನ ಇಲ್ಲ. ಓಡಿಸಿ ತೋರಿಸಿ ಬಂದೇನಿ. ಚಾಚಾ, ನೀವ ಬರ್ರಿ, ಹರೇದ ಹುಡುಗೂರು ನನಗ ಬ್ಯಾಡ ಅಂದಾನ." ವಿಮೆಯ ಅರ್ಜಿಯನ್ನು ನನ್ನ ಮುಂದೆ ಇಟ್ಟರು. "ಇದರಾಗ ನನ್ನ ಹೆಸರ ಹಚಗೋರಿ. ಈ ಸಲ ಖರೇನ ಓಡಸಾಂವ."

ಹೆಸರು ಬರೆದೆ. ಲೈಸೆನ್ಸ್ ನಂಬರು ಬರೆದೆ. ಅದು ನನಗೆ ಬಾಯಿಪಾಠ. ಎರಡನೇ ಪುಟದ ಪ್ರಶ್ನೆಗೆ ಬಂದು ಪೆನ್ನು ನಿಂತಿತು.

"ಏನ ಕೇಳಾಕತ್ತೈತಿ?"

ಓದಿ ಹೇಳಿದೆ. ಚಾಲಕರ ಮೇಲೆ ಅಪಘಾತಕ್ಕೆ ಸಂಬಂಧಪಟ್ಟು ಎಂದಾದರೂ ಮೊಕದ್ದಮೆ ನಡೆದಿದೆಯೇ.

ಚಾಚಾ ಅರ್ಜಿಯ ಮೇಲೆ ಬೆರಳಿಟ್ಟರು. "ನಡದೈತಲ್ಲ."

"ಬಿಟ್ಟಾರಲ್ಲ ಚಾಚಾ. ನೀವು ಗಾಡಿ ಮುಟ್ಟೇ ಇಲ್ಲ. ಇಲ್ಲಂತ ಬರದ್ರ ಯಾರೂ ಕೇಳೂದಿಲ್ಲ."

ಹೌದು, ಹಾಗೆಂದೆ. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ ಮೊದಲು ಬಂದದ್ದು ಅದೇ.

"ಬಿಟ್ಟದ್ದೂ ಖರೇ, ನಡದದ್ದೂ ಖರೇ. ಬರೀರಿ."

'ಹೌದು' ಎಂದು ಬರೆದೆ. ಪಕ್ಕದಲ್ಲಿ ಜಾಗವಿದ್ದಷ್ಟು ಸಣ್ಣ ಅಕ್ಷರಗಳಲ್ಲಿ, ಆರೋಪದಿಂದ ಬಿಡುಗಡೆಯಾಗಿದೆ ಎಂದು ಬರೆದು, ಆದೇಶದ ಪ್ರತಿ ಲಗತ್ತಿಸಿದೆ. ಎಷ್ಟೋ ಜನ ಕುಡುಕರಿಗೆ 'ಇಲ್ಲ' ಎಂದು ಬರೆದ ಪೆನ್ನಿನಿಂದ, ಅಡ್ಡ ಬಂದ ಕೋಳಿಯನ್ನೂ ಉಳಿಸಿ ಓಡಿಸಿದ ಮನುಷ್ಯನಿಗೆ 'ಹೌದು' ಎಂದು ಬರೆದೆ.

ಮೂರನೇ ದಿನ ಉತ್ತರ ಬಂತು. ಈ ಚಾಲಕನ ಹೆಸರಿದ್ದರೆ ಥರ್ಡ್ ಪಾರ್ಟಿ ಮಾತ್ರ ಕೊಡಬಹುದು, ಫುಲ್ ವಿಮೆ ಬೇಕಾದರೆ ಬೇರೆ ಚಾಲಕನನ್ನು ತೋರಿಸಿ ಎಂದು. ಹೊಸ ಗಾಡಿ, ಗುತ್ತಿಗೆದಾರನನ್ನು ದೂರಿ ಫಲವಿಲ್ಲ. ಅವನು ಬೇರೊಬ್ಬನನ್ನು ಇಟ್ಟುಕೊಂಡ.

ಈ ತಿಂಗಳು ಚಾಚಾನ ಲೈಸೆನ್ಸ್ ರಿನ್ಯೂ ಆಗಬೇಕಿತ್ತು. ಅರ್ಜಿ ತುಂಬಿಟ್ಟುಕೊಂಡು ಕಾದೆ. ಅವರು ಬರಲಿಲ್ಲ. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ನಾನೇ ಅದನ್ನು ಹಿಡಿದುಕೊಂಡು ಹಣ್ಣಿನ ಗಾಡಿಯ ಹತ್ತಿರ ಹೋದೆ.

"ಸಹಿ ಒಂದ ಮಾಡ್ರಿ ಚಾಚಾ. ಉಳದದ್ದ ನಾ ನೋಡಕೋತೇನಿ."

ಚಾಚಾ ಒಬ್ಬ ಹೆಂಗಸಿಗೆ ಹಣ್ಣು ಕಟ್ಟುತ್ತಿದ್ದರು. ಕಟ್ಟಿ ಮುಗಿಸಿ, ಕೈ ಒರೆಸಿಕೊಂಡು, ಅರ್ಜಿಯನ್ನು ತೆಗೆದುಕೊಂಡು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಬ್ಯಾಡ ಬಿಡ್ರಿ ಮಾಸ್ತರ," ಎಂದು ವಾಪಸು ಕೊಟ್ಟರು. "ಓಡಿಸೂದಿಲ್ಲಂದ ಮ್ಯಾಲ ಯಾಕ ಬೇಕು?"

ಅದು ನಾನೇ ಹಿಂದೆ ಕೇಳಿದ್ದ ಪ್ರಶ್ನೆ. ಆಗ ಅವರ ಹತ್ತಿರ ಅದಕ್ಕೆ ಉತ್ತರವಿತ್ತು.

ಅರ್ಜಿ ನನ್ನ ಡ್ರಾಯರಿನಲ್ಲಿದೆ. ಸಹಿಯ ಜಾಗ ಬಿಟ್ಟು ಉಳಿದದ್ದೆಲ್ಲ ತುಂಬಿದೆ. ಕೊನೆಯ ದಿನ ನಿನ್ನೆಗೆ ಮುಗಿಯಿತು.